ಹಳದಿ, ನೀಲಿನೇರಳೆ, ಬೂದು: ಮೂರು ಬಣ್ಣದಲ್ಲಿ ಒಂದು ಪೋಸ್ಟರ್

ಚೆಂಡು ಹೂವಿನ ಹಳದಿಯನ್ನು ಶಂಖಪುಷ್ಪದ ನೀಲಿನೇರಳೆಯ ಪಕ್ಕ ಇಟ್ಟರೆ ಎರಡೂ ತಾವಾಗಿಯೇ ಎದ್ದು ಕಾಣುತ್ತವೆ. ಅದಕ್ಕೆ ಡಿಸೈನರ್ ಬೇಕಿಲ್ಲ. ತಕರಾರು ಶುರುವಾಗುವುದು ಮೂರನೆಯದಾದ ಬೂದು ಬಂದಾಗ. ಬೂದು ಯಾರಿಗೂ ತೊಂದರೆ ಕೊಡದ ಸಾಧು ಬಣ್ಣ ಎಂದು ನಂಬಿ, ಉಳಿದ ಜಾಗಕ್ಕೆಲ್ಲ ಅದನ್ನು ಸುರಿಯುತ್ತಾರೆ. ಹಳದಿಯ ಮೇಲೆ ಬೂದು ಅಕ್ಷರ, ನೇರಳೆಯ ಮೇಲೆ ಬೂದು ಗೆರೆ. ಕೊನೆಗೆ ಪೋಸ್ಟರ್ ಮಂಕಾದಾಗ ಬೈಸಿಕೊಳ್ಳುವುದು ಮಾತ್ರ ಹಳದಿ. ಆದ್ದರಿಂದ ಇಲ್ಲಿ ಹೆಚ್ಚಿನ ಮಾತು ಬೂದಿನ ಬಗ್ಗೆಯೇ.

ಉದಾಹರಣೆಗೆ ಒಂದು ಎ3 ಪೋಸ್ಟರ್ ತೆಗೆದುಕೊಳ್ಳೋಣ. ತಲೆಬರಹ ‘ಶಾಸ್ತ್ರೀಯ ಸಂಗೀತ ಸಂಜೆ’. ಆಫ್‌ಸೆಟ್‌ನಲ್ಲಿ (ಒಂದೊಂದು ಶಾಯಿಗೆ ಒಂದೊಂದು ಪ್ಲೇಟು ಇರುವ ಅಚ್ಚಿನಲ್ಲಿ) ಅಚ್ಚಾಗಬೇಕು, ಅದೇ ವಾಟ್ಸ್‌ಆ್ಯಪ್‌ಗೂ ಹೋಗಬೇಕು, ಸಭಾಂಗಣದ ಮುಂದೆ ಫ್ಲೆಕ್ಸ್ ಆಗಿಯೂ ನಿಲ್ಲಬೇಕು. ಕೆಳಗೆ ಬರಿಯ ‘ನೇರಳೆ’ ಎಂದಿರುವಲ್ಲೆಲ್ಲ ಕಡು ನೀಲಿನೇರಳೆ ಎಂದೇ ಓದಿಕೊಳ್ಳಿ.

ಬಣ್ಣದ ಅಳತೆ

ಪರದೆಗೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕಿನ) ಅಂಕಿಗಳು ಹೀಗಿರಲಿ. ಹಳದಿ 255, 199, 44. ನೇರಳೆ 45, 38, 115. ಬೂದು ಮಾತ್ರ ಒಂದಲ್ಲ, ಮೂರು ಬೇಕು: ನಸುಬೂದು 217, 217, 222, ನಡುಬೂದು 140, 140, 148, ಕಡುಬೂದು 90, 90, 100.

ಹಳದಿ ಯಾಕೆ ಇಷ್ಟು ಕಿತ್ತಳೆಯ ಕಡೆಗೆ ವಾಲಿದೆ ಎಂದರೆ, ಚಿತ್ರಕಲೆಯವರ ಬಣ್ಣದ ಚಕ್ರದಲ್ಲಿ ಅಪ್ಪಟ ಹಳದಿಯ ಎದುರು ಇರುವುದು ನೇರಳೆ. ಕಿತ್ತಳೆ ಬೆರೆತ ಹಳದಿಯ ಎದುರು ನೀಲಿನೇರಳೆ. ನಮ್ಮ ನೇರಳೆ ನೀಲಿಗೆ ವಾಲಿರುವುದರಿಂದ ಹಳದಿಯೂ ಅಷ್ಟೇ ಪಕ್ಕಕ್ಕೆ ಸರಿಯಬೇಕು. ನಿಂಬೆಹಣ್ಣಿನ ಹಳದಿ ಹಾಕಿ ನೋಡಿ, ನೇರಳೆಯ ಪಕ್ಕ ಅದು ಹಸಿರು ಹಸಿರಾಗಿ ಹುಳಿ ಹಿಡಿದಂತೆ ಕಾಣುತ್ತದೆ. ಆ್ಯಪ್‌ಗಳಲ್ಲಿರುವ ಚಕ್ರವನ್ನು ಇಲ್ಲಿ ನಂಬಬೇಡಿ. ಅದು ಬೆಳಕಿನ ಚಕ್ರ. ನಮ್ಮ ಹಳದಿಯ ಹ್ಯೂ, ಅಂದರೆ ಆ ಚಕ್ರದಲ್ಲಿ ಅದರ ಜಾಗ, 44 ಡಿಗ್ರಿ; ‘ಎದುರು ಬಣ್ಣ ಕೊಡು’ ಎಂದರೆ ಆ್ಯಪ್ 224 ಡಿಗ್ರಿಯ ನೀಲಿಯನ್ನು ಕೊಡುತ್ತದೆ, ಶಾಲೆಯ ಯೂನಿಫಾರ್ಮಿನ ನೀಲಿ. ನಮಗೆ ಬೇಕಾದದ್ದು 240ರಿಂದ 255ರ ನಡುವೆ ಇದೆ. 265 ದಾಟಿದರೆ ಬದನೆಕಾಯಿ.

ಬಣ್ಣಗಳಿಗೆ ನಂಬರು ಕೊಡುವ ಪ್ಯಾಂಟೋನ್ ಸಂಸ್ಥೆ 2021ರ ಬಣ್ಣಗಳೆಂದು ಬೂದು ಮತ್ತು ಹಳದಿಯನ್ನು ಆರಿಸಿತ್ತು, 2022ಕ್ಕೆ ನೀಲಿನೇರಳೆಯನ್ನು. ಆ ಮೂರನ್ನು ಹಾಗೆಯೇ ಎತ್ತಿ ತಂದು ಪೋಸ್ಟರಿಗೆ ಹಾಕಿದರೆ ಕೆಲಸ ನಡೆಯುವುದಿಲ್ಲ. ಆ ನೇರಳೆ ತೀರಾ ತಿಳಿ, ಅಕ್ಷರವನ್ನು ಹೊರುವ ಶಕ್ತಿ ಅದಕ್ಕಿಲ್ಲ. ಈ ಮೂರರ ಕೂಟದಲ್ಲಿ ನೇರಳೆಯೇ ಕಪ್ಪಿನ ಕೆಲಸ ಮಾಡಬೇಕು. ಅದಕ್ಕೇ ‘ಕಡು’.

ಬೂದಿಗೆ ಜಾಗ ಎಲ್ಲಿ?

ಬಣ್ಣವನ್ನು ಮರೆತು ಬೆಳಕನ್ನಷ್ಟೇ ನೋಡಿ. ಕಪ್ಪು 0, ಬಿಳಿ 100 ಎಂಬ ಏಣಿಯಲ್ಲಿ ನಮ್ಮ ನೇರಳೆ 21ನೇ ಮೆಟ್ಟಿಲಿನಲ್ಲಿದೆ, ಕಡುಬೂದು 39, ನಡುಬೂದು 58, ಹಳದಿ 83, ನಸುಬೂದು 87. ಎಡವುವುದು ಕೊನೆಯ ಎರಡರಲ್ಲಿ. ಹಳದಿಗೂ ನಸುಬೂದಿಗೂ ಅಂತರ ನಾಲ್ಕೇ ಮೆಟ್ಟಿಲು. ಪರದೆಯ ಮೇಲೆ ನಸುಬೂದು ಹಾಸಿನ ಮೇಲಿನ ಹಳದಿ ವೃತ್ತ ಚೆನ್ನಾಗಿಯೇ ಕಾಣುತ್ತದೆ. ಯಾರಾದರೂ ಕಪ್ಪು ಬಿಳುಪು ಜೆರಾಕ್ಸ್ ತೆಗೆದರೆ ವೃತ್ತವೇ ಇರುವುದಿಲ್ಲ. ಸಂಜೆ ಹೊತ್ತು ಮಬ್ಬು ಬೆಳಕಿನ ಕಾರಿಡಾರಿನಲ್ಲೂ ಅರ್ಧಂಬರ್ಧ ಇದೇ ಗತಿ. ಪರಿಹಾರ ಸುಲಭ: ಹಳದಿ ಆಕಾರ ಯಾವುದೇ ಇರಲಿ, ಅದರ ಒಂದು ಅಂಚಾದರೂ ನೇರಳೆಯನ್ನು ಮುಟ್ಟಿರಬೇಕು.

ಅಕ್ಷರದ ವಿಷಯಕ್ಕೆ ಬಂದರೆ, ಎಲ್ಲರಿಗೂ ಓದಲು ಬರಲೆಂದು ವೆಬ್‌ನಲ್ಲಿ ಪಾಲಿಸುವ ಡಬ್ಲ್ಯುಸಿಎಜಿ ನಿಯಮ ಅಚ್ಚಿಗೂ ಒಳ್ಳೆಯ ಅಳತೆಗೋಲು. ಸಣ್ಣ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕಾಂಟ್ರಾಸ್ಟ್ (ಎರಡರ ಬೆಳಕಿನ ಅನುಪಾತ) ಕನಿಷ್ಠ 4.5 ಇರಬೇಕು, 18 ಪಾಯಿಂಟ್ ಮೇಲಿನ ದೊಡ್ಡ ಅಕ್ಷರಕ್ಕೆ 3 ಸಾಕು. ನೇರಳೆಯ ಮೇಲೆ ಹಳದಿ 8.2, ನೇರಳೆಯ ಮೇಲೆ ಬಿಳಿ 12.8, ನಸುಬೂದು 9.1. ಇವು ಮೂರೂ ಧಾರಾಳ. ಬಿಳಿಯ ಮೇಲೆ ಹಳದಿ ಅಕ್ಷರ ಬರೀ 1.6, ಅದನ್ನು ಮರೆತುಬಿಡಿ.

ಈಗ ಬೂದು. ನಡುಬೂದು ಅಕ್ಷರ ಬಿಳಿಯ ಮೇಲೆ 3.3, ನೇರಳೆಯ ಮೇಲೆ 3.8, ಹಳದಿಯ ಮೇಲೆ 2.1. ಎಲ್ಲಿಯೂ ಸಣ್ಣ ಅಕ್ಷರಕ್ಕೆ ಪಾಸಿಲ್ಲ. ‘ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೆ ಎರಡರ ಮೇಲೂ ನಡೆಯುವ ಬೂದು ಸಿಗಬಹುದು’ ಎಂದು ಸ್ಲೈಡರ್ ಎಳೆಯುತ್ತ ಅರ್ಧ ಗಂಟೆ ಕಳೆಯುವವರಿದ್ದಾರೆ. ಸಿಗುವುದಿಲ್ಲ. ಹಳದಿಗೂ ನೇರಳೆಗೂ ನಡುವಿನ ಕಾಂಟ್ರಾಸ್ಟ್ 8.2. ಮಧ್ಯೆ ಯಾವ ಬೂದು ತಂದು ನಿಲ್ಲಿಸಿದರೂ ಅದು ಎರಡೂ ಕಡೆಯೊಂದಿಗೆ ಹೊಂದುವ ಅಂಕಿಗಳ ಗುಣಲಬ್ಧ ಅಷ್ಟೇ ಬರಬೇಕು. ಎರಡೂ ಕಡೆ 3 ಬೇಕೆಂದರೆ ಗುಣಲಬ್ಧ 9 ಇರಬೇಕಿತ್ತು. ಹಾಗಾಗಿ ನಡುಬೂದು ಗೆರೆಗೆ, ವೀಣೆಯ ರೇಖಾಚಿತ್ರದಂಥ ಅಲಂಕಾರಕ್ಕೆ ಮಾತ್ರ. ಓದಲೇಬೇಕಾದ ಮಾತನ್ನು ಅದರಲ್ಲಿ ಬರೆಯಬೇಡಿ. ವಿವರದ ಪಠ್ಯಕ್ಕೆ ಕಡುಬೂದು: ಬಿಳಿಯ ಮೇಲೆ 6.8, ನಸುಬೂದಿನ ಮೇಲೆ 4.8. ಅದೇ ಕಡುಬೂದು ಹಳದಿಯ ಮೇಲೆ 4.4ಕ್ಕೆ ಇಳಿದು ಕೂದಲೆಳೆಯಲ್ಲಿ ಫೇಲಾಗುತ್ತದೆ. ಹಳದಿಯ ಮೇಲೆ ಬರೆಯುವುದಿದ್ದರೆ ನೇರಳೆಯಲ್ಲೇ ಬರೆಯಿರಿ.

ಇನ್ನೊಂದು ಕಾಟ ಕಣ್ಣಿನದು. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಉಸ್ತುವಾರಿ ಹೊತ್ತಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್‌ಗೆ ಬಂದ ದೂರು, ನೀಲಿ ಮತ್ತು ನೇರಳೆಯ ಜತೆ ನೇಯ್ದ ಕಪ್ಪು ನೂಲು ಸತ್ವವಿಲ್ಲದೆ ಕಾಣುತ್ತದೆ ಎಂಬುದು. ನೂಲಿನ ಬಣ್ಣದಲ್ಲಿ ದೋಷ ಇರಲಿಲ್ಲ, ಪಕ್ಕದ ಬಣ್ಣ ಕಪ್ಪಿನ ಮೇಲೆ ತನ್ನ ಎದುರು ಬಣ್ಣವನ್ನು ಹೊರಿಸುತ್ತಿತ್ತು. ಅವನು 1839ರಲ್ಲಿ ಪ್ರಕಟಿಸಿದ ಆ ನಿಯಮವೇ ನಮ್ಮ ಬೂದನ್ನೂ ಕಾಡುವುದು. ಅಪ್ಪಟ ಬೂದು ಹಳದಿಯ ನಡುವೆ ಕೂತರೆ ನೀಲಿ ತಿರುಗಿದಂತೆ ಕಾಣುತ್ತದೆ, ನೇರಳೆಯ ನಡುವೆ ಕೂತರೆ ಹಳದಿಗಟ್ಟಿ ಕೊಳಕಾಗಿ ಕಾಣುತ್ತದೆ. ಮೇಲೆ ಕೊಟ್ಟ ಬೂದುಗಳಲ್ಲಿ ನೀಲಿಯ ಅಂಕಿ 5ರಿಂದ 10 ಹೆಚ್ಚಿರುವುದು ಈ ಕೊಳಕನ್ನು ಕಳೆಯಲೆಂದೇ. ಪರೀಕ್ಷಿಸುವುದಾದರೆ 140, 140, 140ರ ಒಂದು ಚೌಕವನ್ನು ನೇರಳೆ ಹಾಸಿನ ಮೇಲೂ ಹಳದಿ ಹಾಸಿನ ಮೇಲೂ ಇಟ್ಟು ನೋಡಿ. ಎರಡೂ ಒಂದೇ ಬಣ್ಣವೆಂದು ನಂಬಲು ಬಣ್ಣದ ಅಂಕಿ ತೋರಿಸುವ ಕಲರ್ ಪಿಕ್ಕರ್ ಬೇಕಾಗುತ್ತದೆ.

ಎಷ್ಟು ಜಾಗ ಯಾರಿಗೆ

ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1919ರಿಂದ 1923ರವರೆಗೆ ಕಲಿಸಿದ ಜೋಹಾನಸ್ ಇಟನ್ ಹಳದಿಗೆ 9, ನೇರಳೆಗೆ 3 ಎಂಬ ತೂಕ ಕೊಡುತ್ತಿದ್ದ. ಹಳದಿ ಮೂರು ಪಟ್ಟು ಜೋರು, ಆದ್ದರಿಂದ ಅದಕ್ಕೆ ನೇರಳೆಯ ಮೂರನೇ ಒಂದು ಪಾಲು ಜಾಗ ಸಾಕು. ಲೆಕ್ಕ ಹಳೆಯದಾದರೂ ಪೋಸ್ಟರಿಗೆ ಈಗಲೂ ಸರಿಹೊಂದುತ್ತದೆ.

ಎ3 ಹಾಳೆ 29.7 ಗುಣಿಸು 42 ಸೆಂಟಿಮೀಟರ್, ಅಂದರೆ 1247 ಚದರ ಸೆಂ.ಮೀ. ನೇರಳೆಗೆ 30 ಶೇಕಡ ಕೊಟ್ಟರೆ ಹಾಳೆಯ ಪೂರ್ತಿ ಅಗಲಕ್ಕೆ 12.6 ಸೆಂ.ಮೀ. ಎತ್ತರದ ಪಟ್ಟಿ. ಹಳದಿಗೆ 10 ಶೇಕಡ ಕೊಟ್ಟರೆ 12.6 ಸೆಂ.ಮೀ. ವ್ಯಾಸದ ವೃತ್ತ. ಪಟ್ಟಿಯ ಎತ್ತರವೂ ವೃತ್ತದ ವ್ಯಾಸವೂ ಒಂದೇ ಆಗಿಬಿಡುವುದು ಈ ಅಳತೆಯ ಹಾಳೆಯಲ್ಲಿ ಸಿಗುವ ಒಂದು ಸಣ್ಣ ಅದೃಷ್ಟ, ನೋಡಲೂ ಹದವಾಗಿರುತ್ತದೆ. ಆದರೆ ವೃತ್ತದ ಅರ್ಧ ಪಟ್ಟಿಯ ಮೇಲೆ ಏರಿ ಕೂತರೆ (ಕೂರಲೇಬೇಕು, ಅಂಚು ನೇರಳೆಯನ್ನು ಮುಟ್ಟಬೇಕಲ್ಲ) ಅಷ್ಟು ನೇರಳೆ ಮುಚ್ಚಿಹೋಗುತ್ತದೆ. ಅದನ್ನು ತುಂಬಲು ಪಟ್ಟಿಯನ್ನು 14.7 ಸೆಂ.ಮೀ.ಗೆ ಏರಿಸಿ. ಪಟ್ಟಿ ಅಂಚಿನವರೆಗೆ ಹೋಗುವುದರಿಂದ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಡಿ, ಫೈಲಿನ ಅಳತೆ 303 ಗುಣಿಸು 426 ಮಿ.ಮೀ. ಆಗುತ್ತದೆ.

ಉಳಿದ 60 ಶೇಕಡದಲ್ಲಿ ಬೂದು ಮೂರನೇ ಒಂದಕ್ಕಿಂತ ಹೆಚ್ಚು ಬೇಡ, ಮಿಕ್ಕದ್ದು ಕಾಗದದ ಬಿಳಿಯೇ ಇರಲಿ. ಹಿನ್ನೆಲೆಗೆಲ್ಲ ನಸುಬೂದು ಬಳಿದರೆ ಡಿಜಿಟಲ್ ಪ್ರೆಸ್‌ನಲ್ಲಿ ಪಟ್ಟೆ ಪಟ್ಟೆಯಾಗಿ ಬರುವ ಸಂಭವ ಹೆಚ್ಚು. ಹಳದಿಯನ್ನು ಎರಡು ಮೂರು ಕಡೆ ಚೂರು ಚೂರಾಗಿ ಹಂಚುವ ಆಸೆಯನ್ನೂ ತಡೆದುಕೊಳ್ಳಿ. ವೃತ್ತ ಹಳದಿಯಾದರೆ ನೇರಳೆ ಪಟ್ಟಿಯ ಮೇಲಿನ ತಲೆಬರಹ ಬಿಳಿ. ವೃತ್ತದೊಳಗೆ ತಾರೀಖು, ಗಂಟೆ, ನೇರಳೆಯಲ್ಲಿ. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಮೊದಲು ಬೇಕಾದ ಸುದ್ದಿಯೂ ಅದೇ.

ಒತ್ತಕ್ಷರದ ಪಾಡು

‘ಶಾಸ್ತ್ರೀಯ’ ಎಂಬ ಪದವನ್ನೇ ನೋಡಿ. ‘ಸ್ತ್ರೀ’ ಯಲ್ಲಿ ಸಕಾರದ ಕೆಳಗೆ ತಕಾರದ ಒತ್ತು, ಅದಕ್ಕೆ ತಗುಲಿಕೊಂಡ ರಕಾರದ ಒತ್ತು, ಪಕ್ಕದಲ್ಲಿ ದೀರ್ಘ. ಒತ್ತಿನ ಗೆರೆ ಮೂಲ ಅಕ್ಷರದ ಗೆರೆಗಿಂತ ತೆಳು. ನೇರಳೆ ಹಾಸಿನಲ್ಲಿ ಇದನ್ನು ಬಿಳಿಯಾಗಿ ರಿವರ್ಸ್ ಬಿಟ್ಟಾಗ, ಆ ಬಿಳಿ ನಿಜವಾಗಿ ಶಾಯಿಯಲ್ಲ, ಸಯಾನ್ (ತಿಳಿನೀಲಿ ಶಾಯಿ), ಮಜೆಂಟಾ (ಗುಲಾಬಿ ಶಾಯಿ), ಕಪ್ಪು ಮೂರೂ ಪ್ಲೇಟು ಬಿಟ್ಟುಕೊಟ್ಟ ಖಾಲಿ ಕಾಗದ. ಒಂದು ಪ್ಲೇಟು ಕೂದಲಷ್ಟು ಸರಿದರೂ ಒತ್ತಿನ ಒಳಗಣ್ಣು (ಗೆರೆಗಳ ನಡುವಿನ ಖಾಲಿ ಜಾಗ) ಗುಲಾಬಿಯಾಗಿಯೋ ತಿಳಿನೀಲಿಯಾಗಿಯೋ ತುಂಬಿಕೊಂಡು ‘ಸ್ತ್ರೀ’ ಒಂದು ಚುಕ್ಕೆಯಾಗುತ್ತದೆ. ಇಂಗ್ಲಿಷ್ ಅಕ್ಷರ 8 ಪಾಯಿಂಟಿನಲ್ಲಿ ಬದುಕುವ ಕಡೆ ಕನ್ನಡ ಬದುಕುವುದಿಲ್ಲ. ರಿವರ್ಸ್ ಬಿಡುವ ಕನ್ನಡಕ್ಕೆ 12 ಪಾಯಿಂಟ್ ಕನಿಷ್ಠ, ತೂಕ ಮೀಡಿಯಂ ಅಥವಾ ಸೆಮಿಬೋಲ್ಡ್. ತೀರಾ ದಪ್ಪಕ್ಕೂ ಹೋಗಬೇಡಿ, ಆಗ ಗೆರೆ ದಪ್ಪಗಾಗಿ ಒಳಗಣ್ಣೇ ಮುಚ್ಚುತ್ತದೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡರಲ್ಲೂ ಈ ನಡುವಿನ ತೂಕಗಳು ಸಿಗುತ್ತವೆ. ಬಾಲೂ ತಮ್ಮ ತಲೆಬರಹಕ್ಕೆ ಚೆನ್ನ, ಸಣ್ಣದಕ್ಕೆ ಬೇಡ.

ಕಡು ಹಾಸಿನ ಮೇಲಿನ ತಿಳಿ ಅಕ್ಷರ ಕಣ್ಣಿಗೆ ಇರುವುದಕ್ಕಿಂತ ಉಬ್ಬಿ ಕಾಣುವುದರಿಂದ ಅಕ್ಷರಗಳ ನಡುವೆ 1ರಿಂದ 2 ಶೇಕಡ ಜಾಗ ಹೆಚ್ಚಿಸಿ. ಸಾಲುಗಳ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು. ಪದದ ಕೆಳಗೆ ಹಳದಿ ಗೆರೆ ಎಳೆಯುವ ಅಭ್ಯಾಸ ಇಂಗ್ಲಿಷ್ ಟೆಂಪ್ಲೇಟುಗಳಿಂದ ಬಂದದ್ದು, ಕನ್ನಡದಲ್ಲಿ ಅದು ನೇರ ಒತ್ತುಗಳ ಮೇಲೆಯೇ ಹಾಯುತ್ತದೆ.

ಪ್ರೆಸ್‌ಗೆ ಕೊಡುವ ಮೊದಲು

ಫೋರ್ ಕಲರ್ ಅಚ್ಚಿಗೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳ ಸಿಎಂವೈಕೆ) ಶೇಕಡ ಲೆಕ್ಕದಲ್ಲಿ ಹಳದಿ: ಮಜೆಂಟಾ 19, ಹಳದಿ 89. ನೇರಳೆ: ಸಯಾನ್ 95, ಮಜೆಂಟಾ 90, ಕಪ್ಪು 10. ಮಜೆಂಟಾವನ್ನು ಸಯಾನ್‌ಗಿಂತ ಐದು ಅಂಶ ಕೆಳಗೇ ಇಡಿ. 70ಕ್ಕೆ ಇಳಿಸಿದರೆ ಬರೀ ನೀಲಿ, ಸಯಾನ್‌ಗಿಂತ ಮೇಲೇರಿಸಿದರೆ ಬದನೆಕಾಯಿ. ಎರಡು ಶಾಯಿ ಸರಿಸುಮಾರು ಸಮ ಇರುವ ಬಣ್ಣ ತಕ್ಕಡಿಯಂತೆ, ಮೆಷಿನ್ನಿನಲ್ಲಿ ಒಂದು ಶಾಯಿ ಸ್ವಲ್ಪ ಹೆಚ್ಚಾದರೂ ಆ ಕಡೆಗೆ ವಾಲುತ್ತದೆ. ಪರದೆಯ ಮೇಲೆ ಹೊಳೆಯುವ ಕಣ್ಣು ಕುಕ್ಕುವ ನೇರಳೆಗಳಂತೂ ಈ ನಾಲ್ಕು ಶಾಯಿಗಳಲ್ಲಿ ಬರುವುದೇ ಇಲ್ಲ. ಅದಕ್ಕೇ ಕೆಲಸ ಶುರು ಮಾಡುವಾಗಲೇ ಸಿಎಂವೈಕೆಗೆ ಬದಲಿಸಿಕೊಂಡು ಆ ಮಂಕಿಗೆ ಕಣ್ಣು ಒಗ್ಗಿಸಿಕೊಳ್ಳುವುದು ಮೇಲು.

ಬೂದನ್ನು ಕಪ್ಪು ಶಾಯಿ ಒಂದರಲ್ಲೇ ಮಾಡಿ: ನಸುಬೂದಿಗೆ 15, ನಡುಬೂದಿಗೆ 45, ಕಡುಬೂದಿಗೆ 75. ಆರ್‌ಜಿಬಿಯಿಂದ ತಾನಾಗಿ ಬದಲಾಗಲು ಬಿಟ್ಟರೆ ಸಾಫ್ಟ್‌ವೇರ್ ನಾಲ್ಕೂ ಶಾಯಿ ಬೆರೆಸಿ ಬೂದು ಮಾಡುತ್ತದೆ, ಅಚ್ಚಿನಲ್ಲಿ ಅದು ಒಂದು ಹಾಳೆಗೆ ಹಸಿರು, ಇನ್ನೊಂದಕ್ಕೆ ಗುಲಾಬಿ. ಕಾಗದವನ್ನೂ ನೋಡಿಕೊಳ್ಳಿ. ಚುಕ್ಕೆಗಳು ಹರಡುವುದರಿಂದ ನಡುಬೂದು ನುಣುಪಾದ ಆರ್ಟ್ ಪೇಪರಿನಲ್ಲೇ ಸುಮಾರು 15 ಅಂಶ ಗಟ್ಟಿಯಾಗಿ ಬೀಳುತ್ತದೆ, ಲೇಪನವಿಲ್ಲದ ಮ್ಯಾಪ್‌ಲಿಥೊ ಕಾಗದದಲ್ಲಿ ಇನ್ನೂ ಹೆಚ್ಚು. ಮ್ಯಾಪ್‌ಲಿಥೊ ಆದರೆ 45ರ ಬದಲು 38 ಕೊಡಿ. ಪರದೆಯಲ್ಲಿ ಬೂದಿಗೆ ಸೇರಿಸಿದ್ದ ಆ ನೀಲಿ ಛಾಯೆ ಇಲ್ಲಿ ಇರುವುದಿಲ್ಲ, ಹಾಗಾಗಿ ನೇರಳೆ ಪಟ್ಟಿಯೊಳಗೆ ಬೂದನ್ನು ತರಲೇಬೇಡಿ. ಅಲ್ಲಿ ತಿಳಿ ಬೇಕಾದರೆ ಕಾಗದದ ಬಿಳಿ ಇದೆ.

10 ಪಾಯಿಂಟಿನ ವಿವರದ ಸಾಲುಗಳಿಗೆ ಒಂದು ಎಚ್ಚರಿಕೆ. ಕಪ್ಪು 75ರ ಬೂದು ಎಂದರೆ ಚುಕ್ಕೆಗಳ ರಾಶಿ, ಸಣ್ಣ ಅಕ್ಷರದ ಅಂಚು ಅದರಲ್ಲಿ ಗರಗಸದಂತಾಗುತ್ತದೆ. ನೇರಳೆಯಾದರೆ ಒಂದಕ್ಕಿಂತ ಹೆಚ್ಚು ಪ್ಲೇಟಿನ ಸರಿದಾಟ. ಕಡುಬೂದು ಪರದೆಯ ಪಠ್ಯಕ್ಕಿರಲಿ, ಅಚ್ಚಿನ ಸಣ್ಣ ಪಠ್ಯಕ್ಕೆ ಪೂರ್ತಿ 100 ಕಪ್ಪೇ ಸರಿ. ‘ಡಿಸೈನಿನಲ್ಲಿ ಕಪ್ಪು ಇಲ್ಲವಲ್ಲ’ ಎನ್ನಬೇಡಿ, ತೆಳು ಗೆರೆಯ ಕಪ್ಪನ್ನು ಕಣ್ಣು ಕಡುಬೂದೆಂದೇ ಓದುತ್ತದೆ.

ಹಳದಿ ವೃತ್ತ ನೇರಳೆ ಪಟ್ಟಿಯನ್ನು ಮುಟ್ಟುವ ಅಂಚೇ ಇಡೀ ಪೋಸ್ಟರಿನಲ್ಲಿ ಅಪಾಯದ ಜಾಗ. ಪ್ಲೇಟು ಸರಿದರೆ ಅಲ್ಲಿ ಬಿಳಿ ಕೂದಲೆಳೆ ಇಣುಕುತ್ತದೆ. ಪ್ರೆಸ್‌ನವರು ತಾವೇ ಟ್ರ್ಯಾಪಿಂಗ್ (ಬಿಳಿ ಇಣುಕದಂತೆ ಒಂದು ಬಣ್ಣವನ್ನು ಪಕ್ಕದ್ದರೊಳಗೆ ಚೂರು ಹಿಗ್ಗಿಸುವುದು) ಮಾಡುತ್ತಾರೋ ಕೇಳಿ. ಮಾಡುವುದಿಲ್ಲ ಎಂದರೆ ನೇರಳೆಯನ್ನು ಮುಟ್ಟುವ ಕಮಾನಿಗಷ್ಟೇ 0.3 ಮಿ.ಮೀ. ಗೆರೆ ಎಳೆದು ಅದಕ್ಕೆ ಓವರ್‌ಪ್ರಿಂಟ್ (ಕೆಳಗಿನ ಬಣ್ಣದ ಮೇಲೆಯೇ ಅಚ್ಚಾಗುವ ಆಯ್ಕೆ) ಹಾಕಿ. ಅದರ ಅರ್ಧ, 0.15 ಮಿ.ಮೀ., ನೇರಳೆಯೊಳಗೆ ನುಗ್ಗುತ್ತದೆ. ಆ ಗೆರೆಯ ಬಣ್ಣ ವೃತ್ತದ ಬಣ್ಣವೇ ಆಗಬಾರದು, ಹಳದಿ ಶಾಯಿ 89 ಮಾತ್ರ ಇರಬೇಕು, ಮಜೆಂಟಾ ಸೊನ್ನೆ. ಓವರ್‌ಪ್ರಿಂಟ್‌ನಲ್ಲಿ ಮೇಲಿನ ವಸ್ತುವಿನ ಸೊನ್ನೆಯಲ್ಲದ ಅಂಕಿ ಕೆಳಗಿನದನ್ನು ಅಳಿಸಿ ತಾನು ಕೂರುತ್ತದೆ. 19ರ ಮಜೆಂಟಾ ಕೆಳಗಿನ 90ನ್ನು ಅಳಿಸಿದರೆ ಉಳಿಯುವುದು ಮುಖ್ಯವಾಗಿ ಸಯಾನ್ 95, ಹಳದಿ 89, ಅಂದರೆ ಹಳದಿ ಚಂದ್ರನ ಸುತ್ತ ಎಲೆಹಸಿರು ಬಳೆ. ಮಾಮೂಲಿ ಪ್ರಿವ್ಯೂನಲ್ಲಿ ಇದು ಕಾಣುವುದಿಲ್ಲ. ಓವರ್‌ಪ್ರಿಂಟ್ ಪ್ರಿವ್ಯೂ ಹಾಕಿ, ಆ ಅಂಚನ್ನು ಹಿಗ್ಗಿಸಿ ನೋಡಿ.

ಪ್ರತಿ ಸಾವಿರಗಳಲ್ಲಿದ್ದರೆ ನೇರಳೆಗೂ ಹಳದಿಗೂ ಸ್ಪಾಟ್ ಕಲರ್ (ಮೊದಲೇ ಬೆರೆಸಿಟ್ಟ ಒಂದೇ ಶಾಯಿ), ಬೂದಿಗೆ ಕಪ್ಪು ಎಂದು ಮೂರೇ ಪ್ಲೇಟಿನಲ್ಲಿ ಮುಗಿಸಬಹುದು. ಹಳದಿಗೆ ಪ್ಯಾಂಟೋನ್ 123 ಎಂದು ಹೇಳಿದರೆ ಸಾಕು. ನೇರಳೆ ಒಂದೇ ಶಾಯಿಯಾಗುವುದರಿಂದ ಒತ್ತಕ್ಷರಗಳೂ ಶುದ್ಧವಾಗಿ ನಿಲ್ಲುತ್ತವೆ. ಆದರೆ ರಿಫ್ಲೆಕ್ಸ್ ಬ್ಲೂ ಬೆರೆತ ನೀಲಿ ನೇರಳೆ ಶಾಯಿಗಳು ಒಣಗಲು ಬಹಳ ನಿಧಾನ. ಅಚ್ಚಾದ ದಿನವೇ ಕಟಿಂಗ್‌ಗೆ ಹಾಕಿದರೆ ಮೇಲಿನ ಹಾಳೆಯ ಬೆನ್ನಿಗೆ ನೇರಳೆ ಮೆತ್ತಿಕೊಳ್ಳುತ್ತದೆ. ಒಂದೆರಡು ದಿನ ಬಿಡಿ, ಎತ್ತರಕ್ಕೆ ಪೇರಿಸಬೇಡಿ.

ಬಿಸಿಲು ಮತ್ತು ಫೋನು

ಹೊರಗೆ ನಿಂತ ಅಚ್ಚಿನಲ್ಲಿ ಸಾಮಾನ್ಯವಾಗಿ ಹಳದಿ, ಮಜೆಂಟಾ ಶಾಯಿಗಳು ಮೊದಲು ಮಾಸುತ್ತವೆ. ಸಯಾನ್, ಕಪ್ಪು ಗಟ್ಟಿ. ಊರ ಹೊರಗಿನ ಹಳೇ ಬೋರ್ಡುಗಳಲ್ಲಿ ಎಲ್ಲರ ಮುಖವೂ ನೀಲಿಯಾಗಿರುವುದು ಅದಕ್ಕೇ. ನಮ್ಮ ಫ್ಲೆಕ್ಸಿನಲ್ಲಿ ವೃತ್ತ ಬಿಳಿಚಿಕೊಂಡು, ನೇರಳೆ ನೀಲಿಯಾಗಿ, ಕಪ್ಪೊಂದರಲ್ಲೇ ಮಾಡಿದ ಬೂದು ಮಾತ್ರ ಇದ್ದ ಹಾಗೇ ಇರುತ್ತದೆ. ವಾರದ ಕಾರ್ಯಕ್ರಮಕ್ಕೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ನಿಲ್ಲುವುದಾದರೆ ಫ್ಲೆಕ್ಸ್ ಬಿಟ್ಟು ಯುವಿ ಲ್ಯಾಮಿನೇಷನ್ ಇರುವ ವಿನೈಲ್ ಹಾಕಿಸಿ. ಹಿಂದಿನಿಂದ ದೀಪ ಬೆಳಗುವ ಬೋರ್ಡಿಗೆ ಇದೇ ಫೈಲ್ ಕೊಡಬೇಡಿ. ಬೆಳಕು ತೂರಿ ಕಡು ನೇರಳೆ ತಿಳಿಯಾಗುತ್ತದೆ. ಅದಕ್ಕೆ ಕಪ್ಪನ್ನು 10ರಿಂದ 30ಕ್ಕೆ ಏರಿಸಿದ ಬೇರೆ ಫೈಲ್ ಮಾಡಿ.

ವಾಟ್ಸ್‌ಆ್ಯಪ್‌ಗೆ 1080 ಗುಣಿಸು 1350 ಪಿಕ್ಸೆಲ್ ಸಾಕು, ಸ್ಟೇಟಸ್‌ಗಾದರೆ 1080 ಗುಣಿಸು 1920. ಫೋಟೊ ಎಂದು ಕಳಿಸಿದರೆ ಚಿತ್ರ ಜೆಪೆಗ್ ಆಗಿ ಹಿಂಡಲ್ಪಡುತ್ತದೆ. ಆಗ ಬೆಳಕಿನ ವಿವರ ಉಳಿದರೂ ಬಣ್ಣದ ವಿವರ ಬಹುಪಾಲು ಹೋಗುವುದರಿಂದ ಹಳದಿ ನೇರಳೆ ಸೇರುವ ಅಂಚಿನಲ್ಲಿ ಕೊಳೆ ಬಣ್ಣದ ನೊರೆ ಏಳುತ್ತದೆ. ಬಿಳಿ ತಲೆಬರಹಕ್ಕೆ ಅಷ್ಟು ಪೆಟ್ಟಿಲ್ಲ, ವೃತ್ತದೊಳಗಿನ ನೇರಳೆ ತಾರೀಖಿಗೆ ಬೀಳುತ್ತದೆ. ಪಿಎನ್‌ಜಿ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿಯೇ ಹೋಗಬೇಕೆಂದರೆ ತಾರೀಖಿನ ಅಕ್ಷರವನ್ನು 60 ಪಿಕ್ಸೆಲ್‌ಗಿಂತ ಕಡಿಮೆ ಮಾಡಬೇಡಿ, ನಾಲ್ಕು ಫೋನಿಗೆ ಫಾರ್ವರ್ಡ್ ಆಗಿ ಬಂದ ಪ್ರತಿಯನ್ನೇ ತೆರೆದು ಓದಿ ನೋಡಿ. ನೋಡುವಾಗ ನೈಟ್ ಲೈಟ್ ಆಫ್ ಇರಲಿ. ಅದು ನೀಲಿ ಬೆಳಕನ್ನು ಕತ್ತರಿಸುವುದರಿಂದ ನೇರಳೆ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ, ರಾತ್ರಿ ಹನ್ನೊಂದಕ್ಕೆ ‘ಬಣ್ಣ ಬದಲಾಗಿದೆ’ ಎಂದು ಬರುವ ಫೋನ್ ಕರೆಗೆ ಬಹುಪಾಲು ಇದೇ ಕಾರಣ.